ಗಣಪನ ಕಡೆಯವರಿಗೆ ಹರಿವೆ ಸೊಪ್ಪು

ಬೆಳಗಿನ ತಿಂಡಿ ಆದ ಮೇಲೆ ನಾನು ನುಂಗುವ ಗುಳಿಗೆಗಳಲ್ಲಿ ಒಂದು ಬಹಳ ಸಣ್ಣದು. ಸಾಸಿವೆಗಿಂತ ದೊಡ್ಡದು, ಕಡಲೆಗಿಂತ ಚಿಕ್ಕದು. ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಒಂದು ಗಳಿಗೆ ನೋಡದೆ ನಾನು ನುಂಗುವುದು ಅಪರೂಪ. ನೀರಿನ ಲೋಟ ಹಿಡಿದು ನಿಂತ ನನ್ನ ಹೆಂಡತಿ ಗಿರಿಜಾಗೆ ಇದು ಆಗಿಬರುವುದಿಲ್ಲ. "ನೋಡ್ತಾ ಕೂತ್ರೆ ಅದೇನು ಮರಿ ಹಾಕ್ತದಾ? ನುಂಗ್ರಿ" ಅನ್ನುತ್ತಾಳೆ. ನಾನು ನುಂಗುತ್ತೇನೆ.

ನೋಡುವುದಕ್ಕೆ ಕಾರಣವಿದೆ. ನನಗೂ ಆ ಗುಳಿಗೆಗೂ ಹಳೇ ಪರಿಚಯ. ಹೋದ ವರ್ಷ ನನ್ನ ಎದೆಬಡಿತ ತಾಳ ತಪ್ಪಿತು. ಶಿಕಾರಿಪುರದಲ್ಲಿ ನಮ್ಮನ್ನು ನೋಡುವ ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು, ಮಾತಿನಲ್ಲಿ ಮುಚ್ಚುಮರೆ ಇಲ್ಲ. "ಅಜ್ಜಾರ, ನಿಮ್ಮ ರಕ್ತ ಹೆಪ್ಪುಗಟ್ಟಬಾರದು. ಅದಕ್ಕ ಈ ಗುಳಿಗಿ. ಹೊರಗ ಯಾರರೆ ಹೇಳಿ ನೀವು ಗಾಬರಿ ಆಗೋದಕ್ಕಿಂತ ನಾನ ಹೇಳಿಬಿಡ್ತೀನಿ. ಇದು ಮೊದಲು ಇಲಿ ಕೊಲ್ಲಾಕ ಹಾಕ್ತಿದ್ದ ಔಷಧಿ" ಅಂದರು. ನನ್ನ ವಯಸ್ಸಿನ ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಎದ್ದು ಹೊರಡುತ್ತಿದ್ದರೇನೋ. ನಾನು ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೇಳಿದೆ.

"ಇದಕ್ಕೆ ಸಾಯ್ತಾವೇನ್ರೀ ನಿಜವಾಗಿ?"

"ಯಾರು?"

"ಇಲಿ."

"ಸಾಯದೇ ಏನ್ರೀ ಮತ್ತ?"

"ನಾನು ಇಪ್ಪತ್ತೊಂದು ದಿನ ಹಾಕಿದ್ದೆ. ಒಂದೂ ಸಾಯಲಿಲ್ಲ" ಅಂದೆ. ಸರ್ಕಾರದ ಪಿಂಚಣಿ ತಿನ್ನುವ ಮನುಷ್ಯ ಆಡಬಾರದ ಮಾತು ಅದು. ಆಡಿದ ಮೇಲೆ ಏನೋ ಹೊರೆ ಇಳಿದಂತಾಯಿತು. ಯಾಕೆಂದರೆ ಈ ಸತ್ಯವನ್ನು ನಾನು ಜೀವಮಾನವೆಲ್ಲ ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಗಿರಿಜಾ ಮುಂದೂ ಬಿಟ್ಟಿರಲಿಲ್ಲ.

ಐವತ್ತರ ದಶಕ ಮುಗಿಯುತ್ತಾ ಬಂದ ಕಾಲ. ನಾನು ಸೊರಬ ತಾಲೂಕಿನ ಜಡೆಯಲ್ಲಿ ಗ್ರಾಮಸೇವಕ. ಗ್ರಾಮಸೇವಕ ಅಂದರೆ ಈಗಿನವರಿಗೆ ತಿಳಿಯಲಿಕ್ಕಿಲ್ಲ. ಒಂದು ಸೈಕಲ್ಲು, ಒಂದು ಖಾಕಿ ಚೀಲ, ಆ ಚೀಲದಲ್ಲಿ ಸರ್ಕಾರದ ಸಕಲ ಜ್ಞಾನ. ಜಪಾನಿ ಪದ್ಧತಿಯಲ್ಲಿ ಭತ್ತ ನಾಟಿ ಮಾಡುವುದು ಹೇಗೆ, ಗೊಬ್ಬರದ ಗುಂಡಿ ಎಷ್ಟು ಆಳ ಇರಬೇಕು, ಹೊಗೆ ಬಾರದ ಒಲೆ ಕಟ್ಟುವುದು ಹೇಗೆ, ಎಲ್ಲವನ್ನೂ ನಾನು ಹೇಳಬೇಕು. ನನಗೆ ಆಗ ಇಪ್ಪತ್ತೆರಡು ವರ್ಷ. ಶಿಕಾರಿಪುರದ ಬೆಲ್ಲದಂಗಡಿಯ ಮಗ ನಾನು, ಗದ್ದೆಗೆ ಇಳಿದದ್ದೇ ನೌಕರಿ ಸಿಕ್ಕ ಮೇಲೆ. ಹುಟ್ಟಿದಾಗಿನಿಂದ ನಾಟಿ ಮಾಡಿದವರಿಗೆ ನಾನು ನಾಟಿ ಹೇಳಿಕೊಡುತ್ತಿದ್ದೆ. ಅವರು ಮರ್ಯಾದಸ್ಥರು, ತಲೆಯಾಡಿಸಿ ಕೇಳಿ, ನಾನು ಸೈಕಲ್ ಹತ್ತಿದ ಮೇಲೆ ತಮಗೆ ತಿಳಿದ ಹಾಗೆ ಮಾಡುತ್ತಿದ್ದರು.

ನೌಕರಿ ಹಂಗಾಮಿ. ಅದೊಂದೇ ನನ್ನ ಚಿಂತೆ. ಜಡೆಯ ಚನ್ನಬಸಪ್ಪಗೌಡರಿಗೆ ಗಿರಿಜಾ ಅಂತ ಮಗಳಿದ್ದಳು. ನಮ್ಮಪ್ಪ ಸಂಬಂಧ ಕೇಳಲು ಹೋದಾಗ ಗೌಡರು ಎಲೆಅಡಿಕೆ ಕೊಟ್ಟು, ಉಪಚಾರ ಮಾಡಿ, ಒಂದೇ ಮಾತು ಹೇಳಿ ಕಳಿಸಿದ್ದರು. "ಹುಡುಗ ಅಡ್ಡಿಯಿಲ್ಲ. ಆದ್ರೆ ಹಂಗಾಮಿ ನೌಕರಿಯವನಿಗೆ ಕಾಯಂ ಹೆಂಡ್ತಿ ಹೆಂಗೆ ಕೊಡೋದು ಹೇಳ್ರಿ? ಕಾಯಂ ಆಗಲಿ, ನೋಡೋಣ." ನಮ್ಮಪ್ಪ ಎಲೆಅಡಿಕೆ ಜಗಿಯುತ್ತಾ ವಾಪಸು ಬಂದರು.

ಕಾಯಂ ಮಾಡುವವರು ನಮ್ಮ ಮೇಲಿನ ಸಾಹೇಬರು. ಆ ವರ್ಷ ಅವರು ಸೇವಕರನ್ನೆಲ್ಲ ಕೂರಿಸಿ ಒಂದು ಹೊಸ ಔಷಧಿಯ ಡಬ್ಬಿ ತೋರಿಸಿದರು. ಹಳೇ ಪಾಷಾಣದಲ್ಲಿ ಒಂದು ದೋಷ ಇತ್ತು. ತಿಂದ ಇಲಿ ಅಲ್ಲೇ ಬಿದ್ದು ಸಾಯುತ್ತಿತ್ತು, ಅದನ್ನು ನೋಡಿ ಮಿಕ್ಕವು ಹುಷಾರಾಗುತ್ತಿದ್ದವು. ಈ ಹೊಸದು ಹಾಗಲ್ಲ. ರುಚಿ ಇಲ್ಲ, ವಾಸನೆ ಇಲ್ಲ. ನುಚ್ಚಿಗೆ ಬೆರೆಸಿ ದಿನಾ ಒಂದಿಷ್ಟು ಇಡಬೇಕು. ಇಲಿ ದಿನಾ ತಿನ್ನುತ್ತದೆ, ಒಳಗೊಳಗೇ ರಕ್ತ ಹೆಪ್ಪುಗಟ್ಟುವುದು ನಿಲ್ಲುತ್ತದೆ, ಕೆಲವು ದಿನಕ್ಕೆ ಬಿಲದೊಳಗೆ ಹೋಗಿ ಸದ್ದಿಲ್ಲದೆ ಸಾಯುತ್ತದೆ. "ತಾನು ಯಾತಕ್ಕೆ ಸತ್ತೆ ಅಂತ ಇಲಿಗೇ ಗೊತ್ತಾಗೋದಿಲ್ಲ" ಅಂದರು ಸಾಹೇಬರು. ಒಬ್ಬೊಬ್ಬ ಸೇವಕನೂ ತನ್ನ ಊರಲ್ಲಿ ಒಂದು ಮನೆ ಆರಿಸಿಕೊಂಡು ಇಪ್ಪತ್ತೊಂದು ದಿನ ಪ್ರಯೋಗ ಮಾಡಬೇಕು, ಆಮೇಲೆ ತಾವು ಖುದ್ದು ನೋಡಿ, ಯಾರನ್ನು ಕಾಯಂ ಮಾಡಬೇಕೋ ಬರೆದು ಕಳಿಸುವುದಾಗಿಯೂ ಹೇಳಿದರು. ನಾನು ಯಾರ ಮನೆ ಆರಿಸಿದೆ ಅಂತ ಹೇಳಬೇಕಾಗಿಲ್ಲ. ಗೌಡರ ಮನೆಯ ಕಣಜ ದೊಡ್ಡದು, ಇಲಿ ಬೇಕಾದಷ್ಟು, ಗಿರಿಜಾ ಕೂಡ ಅಲ್ಲೇ ಇದ್ದಳು.

ಇಲಿಯ ವಿಷಯದಲ್ಲಿ ನಾನೇನೂ ಹೊಸಬನಲ್ಲ. ನಮ್ಮಪ್ಪ ಬೆಲ್ಲ ಖರೀದಿ ಮಾಡುತ್ತಿದ್ದದ್ದೇ ಇಲಿಗಳ ಸಲಹೆ ಮೇಲೆ. ಹಳ್ಳಿಯ ಗಾಡಿಗಳು ಬಂದಾಗ ಒಂದೊಂದು ಗಾಡಿಯಿಂದ ಒಂದೊಂದು ಚೂರು ಬೆಲ್ಲ ತಂದು ಅಂಗಡಿಯ ಮೂಲೆಯಲ್ಲಿ ಸಾಲಾಗಿ ಇಟ್ಟು ಬಾಗಿಲು ಹಾಕುತ್ತಿದ್ದರು. ಬೆಳಿಗ್ಗೆ ಯಾವ ಚೂರು ಹೆಚ್ಚು ಸವೆದಿದೆಯೋ ಆ ಗಾಡಿಯ ಬೆಲ್ಲ ನಮಗೆ. "ಮನುಷ್ಯ ಮುಲಾಜಿಗೆ ಚಲೋ ಐತಿ ಅಂತಾನ. ಇಲಿಗೆ ಯಾರ ಮುಲಾಜೂ ಇಲ್ಲ" ಅನ್ನುತ್ತಿದ್ದರು. ಬಳ್ಳಿಗಾವಿಯ ಗಾಡಿಯವನೊಬ್ಬ ತನ್ನ ಬೆಲ್ಲವನ್ನು ಇಲಿ ಮುಟ್ಟಲಿಲ್ಲವೆಂದು ಸಿಟ್ಟಾಗಿ, ನಿಮ್ಮ ಇಲಿಗೆ ನಾಲಿಗೆ ಕೆಟ್ಟಿದೆ, ಇನ್ನೊಂದು ಇಲಿಗೆ ತೋರಿಸಿ ಅಂತ ಜಗಳ ಆಡಿದ್ದು ನನಗೆ ನೆನಪಿದೆ. ಅಂಥ ಮನೆಯಿಂದ ಬಂದ ನಾನು ಇಲಿ ಕೊಲ್ಲಲು ಹೊರಟಿದ್ದೆ. ನಮ್ಮಪ್ಪನಿಗೆ ಇದನ್ನು ಹೇಳಿರಲಿಲ್ಲ.

ಪ್ರಯೋಗ ಶುರುವಿನಲ್ಲೇ ತಡವಾಯಿತು. ನಾನು ಡಬ್ಬಿ ಹಿಡಿದು ಹೋದದ್ದು ಗಣಪತಿ ಹಬ್ಬದ ಸಮಯಕ್ಕೆ. ಗೌಡರ ತಾಯಿ ನೀಲಮ್ಮಜ್ಜಿ ಬಾಗಿಲಲ್ಲೇ ತಡೆದರು. "ಗಣಪ ಊರಾಗೆ ಇರೋವಾಗ ಅವನ ಕಡೆಯೋರ ಮೇಲೆ ಕೈ ಮಾಡಬಾರದು. ಅವನು ಹೋಗ್ಲಿ, ಆಮೇಲೆ ನಿಮ್ಮಿಷ್ಟ" ಅಂದರು. ಗಣಪನ ಕಡೆಯವರು ಅಂದರೆ ಇಲಿ. ಆ ಮನೆಯಲ್ಲಿ ಇಲಿಯನ್ನು ಇಲಿ ಅನ್ನುತ್ತಿರಲಿಲ್ಲ. ಇಲಿಗೆ ಕಿವಿ ಚುರುಕು, ಮಾತು ತಿಳಿಯುತ್ತದೆ, ಹೆಸರು ಹೇಳಿ ಔಷಧಿಯ ಮಾತಾಡಿದರೆ ಕೇಳಿಸಿಕೊಂಡು ಸೇಡು ತೀರಿಸುತ್ತದೆ, ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಸೀರೆಗೇ ಮೊದಲು ಬಾಯಿ ಹಾಕುತ್ತದೆ ಅನ್ನುವುದು ನಮ್ಮ ಕಡೆಯ ಮನೆಮನೆಯ ನಂಬಿಕೆ. ನೀಲಮ್ಮಜ್ಜಿ ಅದನ್ನು ಕಾನೂನು ಮಾಡಿದ್ದರು. ಮನೆಯೊಳಗೆ ಆ ವಿಷಯ ಎತ್ತುವಂತಿಲ್ಲ. ನಾನು ಕಂಠಪಾಠ ಮಾಡಿಕೊಂಡು ಹೋಗಿದ್ದ ಭಾಷಣವನ್ನು ರಸ್ತೆಗೆ ಬಂದು, ಹುಣಸೆ ಮರದ ಕೆಳಗೆ ನಿಂತು, ಗೌಡರ ಕಿವಿಯಲ್ಲಿ ಪಿಸುಗುಟ್ಟಿ ಮುಗಿಸಬೇಕಾಯಿತು.

ಗಣಪ ಹೋದ ಮಾರನೇ ದಿನದಿಂದ ಶುರು ಮಾಡಿದೆ. ದಿನಾ ಸಂಜೆ ಹೋಗಿ ಕಣಜದ ಸುತ್ತ ಒಡೆದ ಹೆಂಚಿನ ತುಂಡುಗಳಲ್ಲಿ ಔಷಧಿ ಬೆರೆಸಿದ ನುಚ್ಚು ಇಡುವುದು, ನೆಲಕ್ಕೆ ತೆಳ್ಳಗೆ ಬೂದಿ ಎರಚುವುದು, ಮಾರನೇ ಬೆಳಿಗ್ಗೆ ಹೋಗಿ ಬೂದಿಯ ಮೇಲಿನ ಹೆಜ್ಜೆ ನೋಡಿ, ಉಳಿದ ನುಚ್ಚು ತೂಗಿ ಪುಸ್ತಕದಲ್ಲಿ ಬರೆಯುವುದು. ಮೊದಲ ದಿನ ಏನೂ ಉಳಿದಿರಲಿಲ್ಲ. ಎರಡನೇ ದಿನವೂ ಇಲ್ಲ. ಒಂದು ವಾರವಾಯಿತು, ಹೆಂಚು ತೊಳೆದಿಟ್ಟ ಹಾಗೆ ಇರುತ್ತಿತ್ತು. ಹೆಜ್ಜೆಗಳು ಮಾತ್ರ ಕಡಿಮೆಯಾಗುವ ಬದಲು ಜಾಸ್ತಿಯಾದವು. ಒಂದು ಬೆಳಿಗ್ಗೆ ಬೂದಿಯಲ್ಲಿ ಮನುಷ್ಯರ ಹೆಜ್ಜೆಯೂ ಕಂಡಿತು. ಬರಿಗಾಲು, ಚಿಕ್ಕದು. ಅಜ್ಜಿ ಭತ್ತ ತೆಗೆಯಲು ಬಂದಿರಬೇಕು ಅಂದುಕೊಂಡೆ. ಕೇಳೋಣವೆಂದರೆ ಒಳಗೆ ಆ ಮಾತು ಎತ್ತುವಂತಿಲ್ಲ. ಹೊರಗೆ ಕರೆದು ಕೇಳೋಣವೆಂದರೆ ಹುಣಸೆ ಮರದವರೆಗೆ ನಡೆಯಲು ಅಜ್ಜಿಗೆ ಮೊಣಕಾಲು ನೋವು. ಹಾಗಾಗಿ ಬಿಟ್ಟೆ.

ಎರಡನೇ ವಾರ ಇಲಿಗಳು ಹಗಲು ಹೊತ್ತೇ ಓಡಾಡತೊಡಗಿದವು. ಮೈ ತುಂಬಿಕೊಂಡು, ಕೂದಲು ಮಿರಮಿರ ಮಿಂಚುತ್ತಾ, ಯಾವ ಅವಸರವೂ ಇಲ್ಲದೆ ತೊಲೆಯ ಮೇಲೆ ಹೋಗುತ್ತಿದ್ದವು. ಒಂದಂತೂ ನಾನು ನುಚ್ಚು ತರುವ ಹೊತ್ತಿಗೆ ಸರಿಯಾಗಿ ಬಂದು ಕಾಯುತ್ತಿತ್ತು. ಗೌಡರು ಏನೂ ಅನ್ನಲಿಲ್ಲ. ಅನ್ನುವಂತಿರಲಿಲ್ಲವಲ್ಲ, ಒಳಗೆ. ಆದರೆ ನನ್ನನ್ನು ನೋಡುವ ಅವರ ನೋಟದಲ್ಲಿ ನನ್ನ ಮದುವೆ ದಿನಾ ಒಂದೊಂದು ಗೇಣು ದೂರ ಹೋಗುವುದು ಕಾಣುತ್ತಿತ್ತು. ನನಗೆ ಅಳು ಬರುವುದೊಂದು ಬಾಕಿ.

ಹದಿನೈದನೇ ದಿನ ಊರಿನ ನಾಗಪ್ಪ ನನ್ನ ಸೈಕಲ್ ಹಿಡಿದು ನಿಲ್ಲಿಸಿದ. ಒಂದು ಬಡಕಲು ಎತ್ತಿನ ಮಾಲೀಕ ಅವನು.

"ಸೇವಕ್ರೇ, ಗೌಡ್ರ ಮನೆಯವು ಕಣ್ಣಾರೆ ನೋಡಿ ಬಂದೆ. ಒಳ್ಳೆ ಮೈ ಹತ್ಯಾವೆ ಬಿಡ್ರಿ. ಆ ಔಷಧಿ ನಮ್ಮ ಎತ್ತಿಗೂ ಒಂದು ಹಿಡಿ ಕೊಡ್ರಿ."

"ಅದು ವಿಷ ನಾಗಪ್ಪ."

"ಇರ್ಲಿ ಬಿಡ್ರಿ, ಸ್ವಲ್ಪ ಕೊಡ್ರಿ ಸಾಕು."

"ತಿಂದ್ರೆ ಸಾಯ್ತದೆ ಮಾರಾಯ."

"ಸತ್ತಿದ್ದು ಯಾವುದು? ಒಂದು ತೋರಿಸ್ರಿ" ಅಂದ. ತೋರಿಸಲು ನನ್ನ ಹತ್ತಿರ ಏನಿತ್ತು? ಗೌಡರಿಗೆ ಕೊಡ್ತೀರಿ, ಬಡವನಿಗೆ ಕೊಡೋದಿಲ್ಲ ಅಂತ ಬೇಜಾರು ಮಾಡಿಕೊಂಡು ಹೋದ. ಅವತ್ತಿನಿಂದ ಡಬ್ಬಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ಔಷಧಿ ನಿಜವಾಗಿ ವಿಷವೋ ಅಲ್ಲವೋ ಅನ್ನುವ ಅನುಮಾನ ನನಗೇ ಹತ್ತಿತ್ತು. ಆದರೂ ನಾಗಪ್ಪನ ಎತ್ತಿನ ಮೇಲೆ ಪರೀಕ್ಷೆ ಮಾಡುವ ಧೈರ್ಯ ಇರಲಿಲ್ಲ.

ಇಪ್ಪತ್ತೊಂದನೇ ದಿನವೂ ಮುಗಿಯಿತು. ಮಾರನೇ ದಿನ ಮಧ್ಯಾಹ್ನದ ಬಸ್ಸಿಗೆ ಸೊರಬದಿಂದ ಸಾಹೇಬರು ಇಳಿದರು. ಗೌಡರ ಮನೆಯಲ್ಲಿ ಅವಲಕ್ಕಿ, ಬಾಳೆಹಣ್ಣು, ಕಾಫಿ. ಸಾಹೇಬರು ನಡುಮನೆಯ ಬೆಂಚಿನ ಮೇಲೆ ಕೂತು ನನ್ನ ಪುಸ್ತಕ ತೆರೆದರು. ಅದೇ ಹೊತ್ತಿಗೆ ತೊಲೆಯ ಮೇಲೆ ನನ್ನ ಆ ಕಾಯುವ ಇಲಿ ಬಂತು. ಅರ್ಧ ದಾರಿಗೆ ಬಂದು, ನಿಂತು, ಕೆಳಗೆ ನೋಡಿ, ಕೂತು ಮೀಸೆ ಒರೆಸಿಕೊಂಡಿತು. ಸಾಹೇಬರು ತಲೆ ಎತ್ತಿ ನೋಡಿದರು. ಗೌಡರು ಗೋಡೆ ನೋಡಿದರು, ನಾನು ನೆಲ ನೋಡಿದೆ. ಅಡುಗೆಮನೆ ಬಾಗಿಲಲ್ಲಿ ಕಾಫಿ ಲೋಟ ಹಿಡಿದ ಗಿರಿಜಾ ಕಣ್ಣು ಮುಚ್ಚಿಕೊಂಡು ಏನೋ ಗುನುಗುತ್ತಿದ್ದಳು.

ಮಾತಾಡಿದವರು ನೀಲಮ್ಮಜ್ಜಿ. "ಅದು ನಮ್ಮನೇದಲ್ಲ ಸ್ವಾಮಿ, ಆಚೆ ಮನೇದು" ಅಂದರು.

ಸಾಹೇಬರು ಒಪ್ಪಿಕೊಂಡರೋ ಬಿಟ್ಟರೋ, ಮತ್ತೆ ಪುಸ್ತಕಕ್ಕೆ ತಲೆ ಬಗ್ಗಿಸಿದರು. ಹಾಳೆ ತಿರುಗಿಸುತ್ತಾ ಹೋದ ಹಾಗೆ ಅವರ ಮುಖ ಅರಳಿತು. "ಏನಪ್ಪಾ ಇದು? ದಿನಾ ಇಟ್ಟದ್ದು ದಿನಾ ಖಾಲಿ" ಅಂದರು. ನಾನು ಹೂಂ ಅಂದೆ.

"ಬೇರೆ ಊರುಗಳಲ್ಲಿ ನಾಲ್ಕನೇ ದಿನದಿಂದ ಔಷಧಿ ಉಳೀತಾ ಬಂದಿದೆ. ಆಮೇಲಾಮೇಲೆ ಇಟ್ಟದ್ದು ಇಟ್ಟ ಹಾಗೇ ಇದೆ. ಚಂದ್ರಗುತ್ತಿಯಲ್ಲಂತೂ ಕೊನೇ ವಾರ ಮುಟ್ಟೇ ಇಲ್ಲ. ಶ್ರದ್ಧೆ ಇಲ್ಲ ಜನಕ್ಕೆ. ಇಲ್ಲಿ ನೋಡು, ಒಂದು ಕಾಳು ಹಾಳಾಗಿಲ್ಲ."

ಚಂದ್ರಗುತ್ತಿಯಲ್ಲಿ ಮುಟ್ಟದಿದ್ದದ್ದು ಮುಟ್ಟುವ ಇಲಿ ಉಳಿದಿಲ್ಲದ್ದಕ್ಕೆ ಅಂತ ನನಗೆ ಆ ಕ್ಷಣವೇ ಹೊಳೆಯಿತು. ಹೇಳಬೇಕಿತ್ತು. ಬಾಯಿ ತೆರೆದೂ ತೆರೆದೆ. ಬಾಗಿಲಲ್ಲಿ ಗಿರಿಜಾ ಕಂಡಳು. ಮುಚ್ಚಿದೆ.

"ಸತ್ತದ್ದು?" ಅಂತ ಸಾಹೇಬರು ಕೊನೆಗೊಮ್ಮೆ ಕೇಳಿದರು.

"ಬಿಲದೊಳಗೆ ಸಾಯ್ತಾವೆ ಅಂತ ತಾವೇ ಹೇಳಿದ್ರಿ ಸಾರ್."

"ಹೌದು, ಹೌದು" ಅಂದು, ಜೇಬಿನಿಂದ ಪೆನ್ನು ತೆಗೆದು, ಔಷಧಿಯ ಸ್ವೀಕಾರ ಅತ್ಯುತ್ತಮ ಎಂದು ಬರೆದು ಸಹಿ ಹಾಕಿದರು. ನಮ್ಮಪ್ಪ ಬೆಲ್ಲ ಆರಿಸುತ್ತಿದ್ದ ಪದ್ಧತಿಯೇ ಇದು. ಇಡೀ ತಾಲೂಕಿನಲ್ಲಿ ಇಲಿ ಅತಿ ಹೆಚ್ಚು ಮೆಚ್ಚಿಕೊಂಡ ಗ್ರಾಮಸೇವಕ ನಾನು. ಎರಡು ತಿಂಗಳಿಗೆ ಕಾಯಂ ಆದ ಕಾಗದ ಟಪಾಲಿನಲ್ಲಿ ಬಂತು. ಬೇಸಿಗೆಗೆ ಗಿರಿಜಾಳನ್ನು ಕೊಟ್ಟು ಮದುವೆ ಮಾಡಿದರು. ಊಟದ ಪಂಕ್ತಿಯಲ್ಲಿ ನಾಗಪ್ಪ ನನ್ನ ಎದುರಿಗೇ ಕೂತು, ಈಗಲಾದರೂ ಒಂದು ಹಿಡಿ ಕೊಡಬಾರದೇ ಅನ್ನುವ ಹಾಗೆ ನೋಡುತ್ತಿದ್ದ.

ಆ ಮೇಲೆ ಮೂವತ್ತು ಚಿಲ್ಲರೆ ವರ್ಷ ಸರ್ವೀಸು ಮಾಡಿದೆ. ಶ್ರದ್ಧೆಯಿಂದಲೇ ಮಾಡಿದೆ. ಆದರೆ ಯಾರಾದರೂ ಹೊಗಳಿದಾಗಲೆಲ್ಲ ತೊಲೆಯ ಮೇಲೆ ಕೂತು ಮೀಸೆ ಒರೆಸಿಕೊಂಡ ಆ ಇಲಿ ಕಣ್ಣ ಮುಂದೆ ಬರುತ್ತಿತ್ತು. ನನ್ನ ಅನ್ನ ಒಂದು ಸುಳ್ಳಿನ ಮೇಲೆ ನಿಂತಿದೆ ಅನ್ನುವ ನಾಚಿಕೆ ನನಗೆ ನಿಜವಾಗಿ ಇತ್ತು. ಇಲಿ ಸಾಯದ್ದನ್ನು ಹೆಂಡತಿಯೂ ಕಂಡಿದ್ದಳು, ಆದರೆ ಅದನ್ನೇ ಬಾಯಿಬಿಟ್ಟು ಹೇಳಿದರೆ ಎಲ್ಲಿ ಸಸಾರ ಮಾಡುತ್ತಾಳೋ ಅಂತ ಹೇಳಲಿಲ್ಲ.

ಡಾಕ್ಟರಮ್ಮನ ಮುಂದೆ ಬಾಯಿಬಿಟ್ಟದ್ದು ಇದನ್ನೇ. ಅವರು ನಕ್ಕು, ಕೆಲವು ಇಲಿಗಳಿಗೆ ಹುಟ್ಟಿನಿಂದಲೇ ಈ ಔಷಧಿ ಹತ್ತುವುದಿಲ್ಲ, ಅವುಗಳ ಮರಿಗಳಿಗೂ ಅದು ಬರುತ್ತದೆ, ಹೊರದೇಶಗಳಲ್ಲಿ ಅಂಥ ಇಲಿಗಳನ್ನು ಕಂಡು ದೊಡ್ಡದೊಡ್ಡವರೇ ತಲೆ ಕೆರೆದುಕೊಂಡಿದ್ದಾರೆ ಅಂದರು. ಜಡೆಯ ಇಲಿ ಅಂಥ ಮನೆತನದವೇನೋ ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತಿರುವಾಗ ಅವರು ಚೀಟಿ ಬರೆಯುತ್ತಾ ಗಿರಿಜಾಗೆ ಹೇಳಿದರು. "ಅಜ್ಜೀ, ಒಂದು ಮಾತು ಗಟ್ಟಿ ನೆನಪಿಡ್ರಿ. ಹಸಿರು ಸೊಪ್ಪು ಈ ಔಷಧಿನ ಮುರೀತೈತಿ. ಹರಿವಿ, ನುಗ್ಗಿ, ಎಲ್ಲಾನೂ. ಪೂರ್ತಿ ಬಿಡಬೇಕಂತಿಲ್ಲ, ಆದ್ರ ದಿನಾ ಒಂದ ಅಳತಿ, ಸ್ವಲ್ಪ. ಒಂದು ದಿನ ಬುಟ್ಟಿಗಟ್ಲೆ ಹಾಕಿದ್ರ ಗುಳಿಗಿ ನುಂಗಿದ್ದೂ ಒಂದ, ಬಿಟ್ಟಿದ್ದೂ ಒಂದ."

ಗಿರಿಜಾ ಮುಖ ಬಿಳುಚಿತು. ಬಸ್‌ಸ್ಟ್ಯಾಂಡಿಗೆ ಬಂದು, ಕಲ್ಲುಬೆಂಚಿನ ಮೇಲೆ ಕೂತು, ಸುತ್ತಮುತ್ತ ಬಿಲ ಏನಾದರೂ ಇದೆಯೋ ಅಂತ ನೋಡಿ, ಆಮೇಲೆ ಮೆಲ್ಲಗೆ ಅಂದಳು.

"ರೀ, ಹಂಗಾದ್ರೆ ಆಗ ಅವು ಸಾಯ್ದೆ ಇದ್ದಿದ್ದು ನನ್ನಿಂದ."

ನೀವು ನನ್ನ ಹಾಗೆ ಮೊದ್ದು ಇರಲಿಕ್ಕಿಲ್ಲ, ಆ ಬೂದಿಯಲ್ಲಿದ್ದ ಚಿಕ್ಕ ಹೆಜ್ಜೆ ಯಾರದೆಂದು ಆಗಲೇ ತಿಳಿದಿರಬೇಕು. ಇಪ್ಪತ್ತೊಂದು ದಿನವೂ ನಾನು ನುಚ್ಚಿಟ್ಟು ಹೋದ ಮೇಲೆ ಅವಳು ಕಣಜದ ಹಿಂದೆ ಬಾಳೆಲೆಯಲ್ಲಿ ಎಡೆ ಇಡುತ್ತಿದ್ದಳಂತೆ. ಬೆಳಿಗ್ಗೆ ನಾನು ಬರುವ ಮೊದಲೇ ಎಲೆ ತೆಗೆಯುತ್ತಿದ್ದಳಂತೆ, ಬೂದಿ ತುಳಿದದ್ದು ಒಂದೇ ದಿನ. ಒಂದು ಅಕ್ಕಿ ರೊಟ್ಟಿ, ಮೇಲೆ ಕಾಯಿತುರಿ ಹಾಕಿದ ಹಿತ್ತಲಿನ ಹರಿವೆ ಸೊಪ್ಪಿನ ಪಲ್ಯ. ರೊಟ್ಟಿ ಅಷ್ಟಿಷ್ಟು ಉಳಿಯುತ್ತಿತ್ತು, ಪಲ್ಯ ಚೂರೂ ಉಳಿಯುತ್ತಿರಲಿಲ್ಲವಂತೆ. ಮೆಚ್ಚಿಕೊಂಡಿವೆ ಅಂತ ಕೊನೆಯ ವಾರ ಪಲ್ಯ ಎರಡು ಪಾಲು ಮಾಡಿದಳಂತೆ.

"ಅದೆಂತಕ್ಕೆ ಅವಕ್ಕೆ ಎಡೆ?" ಅಂದೆ. ನನ್ನ ದನಿ ಏರಿತ್ತು. ಎಷ್ಟು ವರ್ಷ ನಾಚಿಕೆ ಪಟ್ಟಿದ್ದೆ ನಾನು.

ಅವಳು ಸೆರಗು ಸರಿಮಾಡಿಕೊಂಡಳು. "ಹರಕೆ ಹೊತ್ತಿದ್ದೆ. ಗಣಪನ ಕಡೆಯೋರಿಗೆ ಇಪ್ಪತ್ತೊಂದು ದಿನ ಎಡೆ ಇಡ್ತೀನಿ, ನಿಮ್ಮ ನೌಕರಿ ಕಾಯಂ ಆಗ್ಲಿ ಅಂತ."

ಅವಳು ಸೊಪ್ಪು ಇಡದಿದ್ದರೆ ಇಲಿ ಸಾಯುತ್ತಿದ್ದವು. ಇಲಿ ಸತ್ತಿದ್ದರೆ ನುಚ್ಚು ಉಳಿಯುತ್ತಿತ್ತು. ನುಚ್ಚು ಉಳಿದಿದ್ದರೆ ಚಂದ್ರಗುತ್ತಿಯ ಸೇವಕನ ಹಾಗೆ ನಾನೂ ಶ್ರದ್ಧೆ ಇಲ್ಲದವರ ಪಟ್ಟಿಗೆ ಸೇರಿ, ಹಂಗಾಮಿಯಾಗಿಯೇ ಉಳಿದು, ಅವಳು ಯಾರ ಮನೆಗೋ ಹೋಗುತ್ತಿದ್ದಳು. ನನ್ನ ಔಷಧಿ ಕೆಲಸ ಮಾಡಲಿಲ್ಲ, ಅವಳ ಹರಕೆ ಮಾಡಿತು. ಇದನ್ನು ಬಿಡಿಸಿ ಬಿಡಿಸಿ ಹೇಳಿದಾಗ ಅವಳಿಗೆ ಏನೂ ಆಶ್ಚರ್ಯವಾಗಲಿಲ್ಲ. "ಮತ್ತೆ? ಹರಕೆ ಅಂದ್ರೆ ಸುಮ್ನೆ ಅಂದ್ಕೊಂಡ್ರಾ?" ಅಂದಳು. ಆಮೇಲೆ ಇಬ್ಬರೂ ನಗಲು ಶುರು ಮಾಡಿದೆವು. ನಕ್ಕು ನಕ್ಕು ಬಂದ ಬಸ್ಸು ತಪ್ಪಿಸಿಕೊಂಡೆವು. ನಗುತ್ತಾ ನಗುತ್ತಾ ಅವಳ ಕಣ್ಣಲ್ಲಿ ನೀರು ಬಂತು, ನಿಲ್ಲಲಿಲ್ಲ. ಅದು ನಗುವಿನ ನೀರಲ್ಲ ಅಂತ ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ನನ್ನ ಎದೆಯ ವಿಷಯ ಅವಳಿಗೆ ಆಗಷ್ಟೇ ಒಳಗೆ ಇಳಿದಿತ್ತು.

ಅವತ್ತಿನಿಂದ ನಮ್ಮ ಮನೆಯಲ್ಲಿ ಸೊಪ್ಪು ಅಳತೆ ಪ್ರಕಾರ. ನನ್ನ ತಟ್ಟೆಗೆ ಎರಡು ಚಮಚ ಪಲ್ಯ, ಅದನ್ನೂ ಚಮಚದ ಮೇಲೆ ಬೆರಳಾಡಿಸಿ ಮಟ್ಟ ಮಾಡಿ ಹಾಕುತ್ತಾಳೆ. ಇನ್ನೂ ಸ್ವಲ್ಪ ಅಂದರೆ ಬಾಣಲೆಯನ್ನೇ ಒಳಗೆ ತೆಗೆದುಕೊಂಡು ಹೋಗುತ್ತಾಳೆ. ಆದರೆ ಬಾಣಲೆಯಲ್ಲಿ ಪಲ್ಯ ಮೊದಲಿನಷ್ಟೇ ಇರುತ್ತದೆ, ಅದು ಹೇಗೆ ಖರ್ಚಾಗುತ್ತದೆ ಅಂತ ನನಗೆ ಅನುಮಾನ ಇತ್ತು. ಹೋದ ವಾರ ಬೆಳಿಗ್ಗೆ ಹಿತ್ತಲಿಗೆ ಹೋದಾಗ ಸೌದೆ ಒಟ್ಟಿದ ಮೂಲೆಯಲ್ಲಿ ಒಂದು ಬಾಳೆಲೆ ಚೂರು ಕಂಡಿತು. ಅದರ ಮೇಲೆ ಅಕ್ಕಿ ರೊಟ್ಟಿ ಅರ್ಧ ಉಳಿದಿತ್ತು. ಪಲ್ಯ ಒಂದು ಎಸಳೂ ಇರಲಿಲ್ಲ.

"ಗಿರಿಜಾ, ಇಲಿಗೆ ಏನಾದ್ರೂ..." ಅಂತ ಅಡುಗೆಮನೆ ಬಾಗಿಲಿಗೆ ಬಂದು ಶುರು ಮಾಡಿದೆ. ಅವಳು ಗಾಬರಿಯಿಂದ ಬಾಯಿ ಮೇಲೆ ಬೆರಳಿಟ್ಟು ತಲೆ ಅಲ್ಲಾಡಿಸಿದಳು. ಒಳಗೆ ಆ ಹೆಸರು ಎತ್ತಬಾರದು. ಈ ಸಲದ ಹರಕೆ ಎಷ್ಟು ದಿನದ್ದು ಅಂತ ಕೇಳುವ ಮನಸ್ಸಾಯಿತು, ಕೇಳಲಿಲ್ಲ. ನನ್ನ ಪಾಲಿನ ಸೊಪ್ಪು ಅವು ತಿನ್ನುತ್ತಿವೆ, ಅವುಗಳ ಪಾಲಿನ ಔಷಧಿ ನಾನು ತಿನ್ನುತ್ತಿದ್ದೇನೆ. ನೀರಿನ ಲೋಟ ಕೈಗೆ ಬಂತು. ಅವತ್ತು ನಾನು ಗುಳಿಗೆಯನ್ನು ನೋಡುತ್ತಾ ಕೂರದೆ ನುಂಗಿದೆ.